ಕಾರವಾರದ ಗಳ

ಬೆಳಿಗ್ಗೆ ಹತ್ತು ಗಂಟೆಗೆ ಡ್ರೈವರ್ ವಲಿ ಪಾಷಾನ ಹೆಣವನ್ನು ಅವನ ಲಾರಿಯೇ ರಾಯಚೂರಿಗೆ ತಂದಿತು. 1983ರ ಫೆಬ್ರವರಿ. ತೀನ್ ಕಂದಿಲ್ ಚೌಕದ ಹಿಂದಿನ ಓಣಿ ಇಕ್ಕಟ್ಟು. ಲಾರಿ ಓಣಿಯ ಬಾಯಲ್ಲೇ ನಿಂತಿತು. ಉಪ್ಪಿನ ಚೀಲಗಳ ಮೇಲಿಂದ ನಾಲ್ವರು ಅವನನ್ನು ಇಳಿಸುತ್ತಿದ್ದಾಗ ಹೆಂಡತಿ ಅನ್ವರಿ ಬೇಗಂ ಬಾಗಿಲ ಪರದೆಯ ಸಂದಿಯಿಂದ ನೋಡುತ್ತಿದ್ದುದು ಹೆಣವನ್ನಲ್ಲ, ಲಾರಿಯ ಕ್ಯಾಬಿನ್ನನ್ನು.

ಹಿಂದಿನ ದಿನ ಸಂಜೆ ಗಂಜ್ ಮಾರುಕಟ್ಟೆಯ ದಲಾಲರ ಅಂಗಡಿಗೆ ಕಾರವಾರದಿಂದ ಫೋನು ಬಂದಾಗಿನಿಂದ ಅವಳಿಗೆ ಒಂದೇ ಅಂಜಿಕೆ: ಲಾರಿಯ ಬಾಗಿಲಿನಿಂದ ಒಬ್ಬ ಹೆಂಗಸು ಇಳಿದು ಬಂದು ತನ್ನ ಪಕ್ಕದಲ್ಲಿ ಕೂತು ಅಳುತ್ತಾಳೆ.

ಇಳಿದವನು ಗಂಡಸು. ಐವತ್ತು ದಾಟಿದ, ಬಿಸಿಲಿಗೆ ಕಪ್ಪಾದ ಮನುಷ್ಯ. ಲಾರಿಯ ಮೇಲಿಂದ ಬಿದಿರಿನ ಗಳವೊಂದನ್ನು ಎಳೆದುಕೊಂಡು ಓಣಿಗೆ ಬಂದ. ತಿರುವಿನಲ್ಲಿ ಅದು ಹೊರಳದೆ ಸಿಕ್ಕಿಕೊಂಡಿತು.

"ಇನ್ಯಾರೂ ಬಂದಿಲ್ಲೇನು?" ಅನ್ವರಿ ಕೇಳಿದಳು.

"ಮತ್ಯಾರ್ ಬರಬೇಕಿತ್ತಬೇ ಯವ್ವಾ?" ಎಂದಳು ನೆರೆಮನೆಯ ವೆಂಕಮ್ಮ.

ಅನ್ವರಿ ಮತ್ತೊಮ್ಮೆ ಕ್ಯಾಬಿನ್ನಿನ ಕಡೆ ನೋಡಿದಳು.

*

ಹನ್ನೆರಡು ವರ್ಷದ ಹಿಂದೆ ಅವಳ ತಮ್ಮ ಮೌಲಾಹುಸೇನ ದೇವದುರ್ಗದ ಕಡೆ ಕೃಷ್ಣೆ ದಾಟುವಾಗ ಹರಿಗೋಲು ಮಗುಚಿ ಸತ್ತಿದ್ದ. ಅವನ ನಲವತ್ತನೆಯ ದಿನದ ಕಾರ್ಯದಂದು ಅನ್ವರಿ ಗಂಡನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು.

"ಹೊಳಿ ಇರ್ಲಿ, ಕೆರಿ ಇರ್ಲಿ, ನೀರಾಗ ಕಾಲಿಡಂಗಿಲ್ಲಂತ ಕಸಮ್ ತಿನ್ರಿ."

ಅವನು ಆಣೆ ಮಾಡಿದ. ಅಂದಿನಿಂದ ಕೃಷ್ಣೆಯ ಸೇತುವೆ ದಾಟಿ ಬಂದಾಗಲೆಲ್ಲ ಹೇಳುತ್ತಿದ್ದ: "ಟಾಯರ್ ಸೈತ ತೊಯ್ದಿಲ್ಲ, ಫಿಕರ್ ಮಾಡಬ್ಯಾಡ."

ಆಮೇಲೆ ಮಾನ್ವಿ, ಪೋತ್ನಾಳದ ಅಕ್ಕಿಯನ್ನು ಕಾರವಾರಕ್ಕೆ ಒಯ್ಯುವ ಕೆಲಸ ಸಿಕ್ಕಿತು. ವಾಪಸಿನ ಉಪ್ಪಿನ ಲೋಡಿಗೆ ಅಲ್ಲಿ ಎರಡು ಮೂರು ದಿನ ಕಾಯಬೇಕು. ಏನು ಮಾಡುತ್ತೀರಿ ಎಂದು ಕೇಳಿದರೆ "ಮಲಗತೀನಿ" ಎನ್ನುತ್ತಿದ್ದ. ಆದರೆ ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಿನಲ್ಲಿ ನುಣ್ಣನೆಯ ಮರಳು ಸಿಗುತ್ತಿತ್ತು. ಕಸಮ್ ತಿಂದವನು ಸಮುದ್ರಕ್ಕಂತೂ ಹೋಗಿರಲಾರ. ಹಾಗಾದರೆ ದಂಡೆಯಲ್ಲೊಂದು ಮನೆ, ಮನೆಯಲ್ಲೊಬ್ಬಳು. ಓಣಿಯ ಇನ್ನಿಬ್ಬರು ಡ್ರೈವರುಗಳಿಗೆ ಪರವೂರಿನಲ್ಲಿ ಇನ್ನೊಂದು ಸಂಸಾರ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಕಸಮನ್ನು ನಂಬಿದ್ದರಿಂದಲೇ ಅವಳು ಗಂಡನನ್ನು ನಂಬದಾದಳು. ಬಾಯಿಬಿಟ್ಟು ಕೇಳಲೂ ಇಲ್ಲ. ಜೇಬು ತಡಕುವುದನ್ನು ಮಾತ್ರ ಬಿಡಲಿಲ್ಲ.

*

ಹೆಣಕ್ಕೆ ಮೀಯಿಸುವ ಗುಸಲ್ ಮುಗಿಯಿತು. ಕಫನಿನ ಬಿಳಿ ಬಟ್ಟೆ ತೊಡಿಸಿ ಮುಖವನ್ನಷ್ಟೇ ತೆರೆದಿಟ್ಟರು. ಅದನ್ನು ಮುಚ್ಚುವ ಮೊದಲು ಹತ್ತಿರದವರು ಬಂದು "ಹೇಳಿದ್ದು ಕೇಳಿದ್ದು ಮಾಫ್" ಎನ್ನುವುದು ಆ ಮನೆಯ ರಿವಾಜು. ಹೆಂಡತಿ ಅನ್ನದೆ ಜನಾಜಾ ಎತ್ತಲು ಯಾರಿಗೂ ಮನಸ್ಸು ಬಾರದು.

"ಅನ್ವರಿ, ಮಾಫ್ ಅನ್ನು. ಜೊಹರ್ ನಮಾಜಿನ ಹೊತ್ತಾಗಾಕತ್ತದ," ಎಂದಳು ವಲಿ ಪಾಷಾನ ಅಕ್ಕ ದಾವಲ್ ಬೀ.

ಅನ್ವರಿ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. ಸತ್ತವನೆದುರು ಸುಳ್ಳು ಮಾಫಿ ಹೇಳಲಾರಳು.

"ಇದೇನ್ ಹಠ ಬೇ? ಬದುಕಿದ್ದಾಗ ಜಗಳಾಡಿದ್ದು ಸಾಲಿಲ್ಲೇನು?"

"ಆಪಾ, ಆ ಮನುಷ್ಯಾನ್ನ ಕೇಳ್ರಿ. ಇವರು ಅಲ್ಲಿ ಯಾರ ಮನ್ಯಾಗ ಇರ್ತಿದ್ರು ಅಂತ."

ದಾವಲ್ ಬೀ ಪರದೆಯ ಬಳಿ ಹೋಗಿ ಕೇಳಿದಳು. ಕಟ್ಟೆಯ ಮೇಲೆ ಗಳದೊಂದಿಗೆ ಕೂತಿದ್ದ ಕಾರವಾರದ ಮೀನುಗಾರನ ಹೆಸರು ಪುರ್ಸು ಹರಿಕಂತ್ರ.

"ಮನೆಯಾ? ಲಾರಿಯಲ್ಲೇ ಮಲಗೂದು. ಹಗಲೆಲ್ಲ ನನ್ನ ಸಂಗಡ ಸಮುದ್ರದ ದಂಡೇಲಿ. ಗಾಳ ಹಾಕೂದು ಕಲಿಸು ಅಂತ ಬೆನ್ನು ಬಿದ್ರು. ಮೊದಲ ವರ್ಷ ಪಾಪ, ತೆರೆ ಎಳೆದ್ರೂ ಮೀನು ಅಂತ ಗಳ ಎತ್ತೂದು. ದಾರಕ್ಕೆ ಕಟ್ಟಿದ ಸೀಸದ ಗುಂಡು ವಾಪಸ್ ಬಂದು ಅವರಿಗೇ ಬಡೀತಿತ್ತು."

ಓಣಿಯಲ್ಲಿ ಯಾರೋ ನಕ್ಕರು. ತಕ್ಷಣ ಕೆಮ್ಮಿದಂತೆ ಮಾಡಿದರು.

ಪರದೆಯ ಹಿಂದಿನಿಂದ ಅನ್ವರಿಯೇ ಮಾತಾಡಿದಳು. "ನೀರಿಗೆ ಇಳೀತಿದ್ರೇನು?"

"ಎಲ್ಲಿ ಇಳೀತಾರೆ? ನಾವೆಲ್ಲ ಸೊಂಟದ ತನಕ ಹೋಗಿ ಗಾಳ ಒಗೀತೇವೆ. ವಲಿ ಭಾಯಿ ತೆರೆ ಬಂತು ಅಂದ್ರೆ ಗಳ ಹಿಡ್ಕೊಂಡೇ ಹಿಂದೆ ಓಡೂದು, ಏಡಿ ಹಾಗೆ. ಮನೆಯಲ್ಲಿ ಕಸಮ್ ಕೊಟ್ಟಿದ್ದೇನೆ ಅಂತಿದ್ರು. ಸಮುದ್ರ ಅಂದ್ರೆ ಅವಳಿಗೆ ನಿದ್ದೆ ಬರೂದಿಲ್ಲ, ಹೇಳ್ಬೇಡ ಅಂತಿದ್ರು." ಪುರ್ಸು ಗಳದ ಮೇಲೆ ಕೈಯಾಡಿಸಿದ. "ಒಣ ಮರಳಲ್ಲಿ ನಿಂತೇ ತೆರೆ ಆಚೆ ಒಗೀಬೇಕಲ್ಲ, ಅದಕ್ಕೇ ಇದನ್ನು ಮಾಡಿ ಕೊಟ್ಟೆ. ನಮ್ಮ ದಂಡೆಯಲ್ಲಿ ಇಷ್ಟು ಉದ್ದದ್ದು ಮತ್ತೊಂದಿಲ್ಲ. ನಿನ್ನೆ ಕಾಣೆ ಮೀನು ಕಚ್ಚಿತ್ತು. ಎಳೀತಾ ಎಳೀತಾ ಎದೆ ಹಿಡ್ಕೊಂಡು ಕೂತ್ಬಿಟ್ರು. ನಾನು ಓಡಿ ಬರೂದ್ರೊಳಗೆ ಮುಗಿದಿತ್ತು. ಕಾಲು ಒಣಗೇ ಇತ್ತು ಅಕ್ಕ."

ಅನ್ವರಿ ಬಿಗಿಹಿಡಿದಿದ್ದ ಪರದೆಯನ್ನು ಬಿಟ್ಟಳು. ಎಷ್ಟೋ ವರ್ಷದ ಉಸಿರು ಒಮ್ಮೆಗೇ ಹೊರಬಂತು.

"ಏಡಿ ಹಾಗಂತ," ಎಂದಳು ವೆಂಕಮ್ಮನ ಕಡೆ ತಿರುಗಿ. ಅಳುತ್ತಿದ್ದಳು, ಆದರೂ ತುಟಿಯ ಕೊನೆ ನಗುತ್ತಿತ್ತು.

ಒಳಗೆ ಹೋಗಿ, ಹೊರಗಿನವರಿಗೂ ಕೇಳುವಂತೆ ಅಂದಳು: "ಹೇಳಿದ್ದು ಕೇಳಿದ್ದು ಎಲ್ಲಾ ಮಾಫ್." ಆಮೇಲೆ ಬಾಗಿ, ಅವನೊಬ್ಬನಿಗೇ: "ನಂದೂ ಮಾಫ್ ಮಾಡ್ರಿ."

ಮಧ್ಯಾಹ್ನದ ಜೊಹರ್ ನಮಾಜಿಗೆ ಜನಾಜಾ ಹೊರಟಿತು. ಪುರ್ಸು ಸಂಜೆ ಹುಬ್ಬಳ್ಳಿ ಬಸ್ಸು ಹತ್ತಿದ. ಗಳ ಮನೆಯೊಳಗೆ ಹಿಡಿಸಲಿಲ್ಲ. ಅಂಗಳದ ಎರಡು ಗೋಡೆಗಳ ಮೇಲೆ ಅಡ್ಡ ಇಟ್ಟರು. ಮೂರನೆಯ ದಿನ ಗೋರಿಯ ಜಿಯಾರತ್ ಮುಗಿದ ಮೇಲೆ ಅನ್ವರಿ ಗಂಡನ ಪ್ಯಾಂಟನ್ನು ಜೇಬು ತಡಕದೆ ಒಗೆದು, ಆ ಗಳದ ಮೇಲೆ ಒಣಹಾಕಿದಳು.