ಹತ್ತು ನಿಮಿಷದಲ್ಲಿ ಗುಣ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಹೋಮಿಯೋಪತಿ ಡಾಕ್ಟರಮ್ಮನ ಗುಳಿಗೆಗಳ ಮೇಲೆ ಊರಿಗಿಂತ ಹೆಚ್ಚು ನಂಬಿಕೆ ಅವಳ ಗಂಡನಿಗೆ. ಅವನು ಪೇಂಟರ್. ಏಣಿ ಹತ್ತಿ ಗೋಡೆಗೆ ಬಣ್ಣ ಹೊಡೆಯುವವನಿಗೆ, ಕಿಟಕಿಯ ಸಜ್ಜಾದಡಿ ಗೂಡು ಕಟ್ಟುವ ಕಣಜದ ಹುಳುಗಳು ಹಳೇ ನೆಂಟರು. ಕಚ್ಚಿಸಿಕೊಂಡು ಬರುತ್ತಿದ್ದ, ನಾಲಿಗೆ ಚಾಚುತ್ತಿದ್ದ, ಅವಳು ನಾಲ್ಕು ಏಪಿಸ್ ಗುಳಿಗೆ ಉದುರಿಸುತ್ತಿದ್ದಳು. ಏಪಿಸ್ ಎಂದರೆ ಜೇನುನೊಣದಿಂದಲೇ ಮಾಡಿದ ಮದ್ದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬುದು ಅವಳ ವಿದ್ಯೆ. ಹತ್ತು ನಿಮಿಷಕ್ಕೆ ಅವನು "ಕಮ್ಮಿ ಆಯ್ತು ಡಾಕ್ಟ್ರೇ" ಎನ್ನುತ್ತಿದ್ದ. ಅವಳು ರೋಗಿಗಳ ಪುಸ್ತಕದಲ್ಲಿ ಅವನ ಪುಟ ತೆಗೆದು ಬರೆಯುತ್ತಿದ್ದಳು: ಏಪಿಸ್, ಹತ್ತು ನಿಮಿಷ, ಗುಣ. ಇಂಥವು ಇಪ್ಪತ್ತೆರಡು ಸಾಲು. ಅನುಮಾನ ಪಟ್ಟವರಿಗೆ ಆ ಪುಟವನ್ನೇ ತೋರಿಸುತ್ತಿದ್ದಳು.

ಮಂಗಳವಾರ ಹನ್ನೊಂದು ಗಂಟೆಗೆ ಅವನು ಕ್ಲಿನಿಕ್ಕಿಗೆ ಬಂದಾಗ ಒಳಗೆ ಟೈಲರಮ್ಮ ತನ್ನ ಮೊಣಕೈ ನೋವಿನ ಕಥೆ ಹೇಳುತ್ತಿದ್ದಳು.

"ಬಂದ್ರು ನೋಡಿ, ಕಣಜದ ಮನೆ ಅಳಿಯಂದ್ರು," ಎಂದಳು ಟೈಲರಮ್ಮ. "ಮಾವನ ಮನೇಲಿ ಇವತ್ತು ಎಷ್ಟು ಬಡಿಸಿದ್ರು?"

"ಮೂರು." ಅವನು ಕತ್ತು ಮುಟ್ಟಿ ತೋರಿಸಿ ಕುರ್ಚಿಯಲ್ಲಿ ಕೂತ.

"ಉರಿಯುತ್ತಾ, ಚುಚ್ಚುತ್ತಾ?" ಡಾಕ್ಟರಮ್ಮ ಕ್ರಮವಾಗಿ ಕೇಳಿದಳು. "ತಣ್ಣೀರು ಹಿತವೋ, ಬಿಸಿನೀರೋ?"

"ಉರಿ. ತಣ್ಣೀರು." ಏಪಿಸ್ ಸಿಗಲು ಏನು ಹೇಳಬೇಕೆಂಬುದು ಅವನಿಗೆ ಬಾಯಿಪಾಠವಾಗಿತ್ತು.

ಗುಳಿಗೆ ಹಾಕಿದಳು. ಐದು ನಿಮಿಷ ಬಿಟ್ಟು ಕೇಳಿದಳು, "ಕಮ್ಮಿ ಆಯ್ತಾ?"

"ಆಯ್ತು."

ದನಿ ಅವನದಾಗಿರಲಿಲ್ಲ. ಕೊಡದೊಳಗೆ ಮುಖವಿಟ್ಟು ಮಾತಾಡಿದಂತಿತ್ತು. ತೋಳಿನ ತುಂಬ ದದ್ದು ಎದ್ದಿತ್ತು. ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಇನ್ನೊಂದು ಸಲ ಹಾಕೋಣವೆಂದು ಅವಳು ಬಾಯಿ ತೆರೆಸಿದರೆ, ಮೊದಲ ನಾಲ್ಕು ಗುಳಿಗೆಗಳು ಅರ್ಧವೂ ಕರಗದೆ ಕೂತಿದ್ದವು. ನಾಲಿಗೆ ಊದಿ, ಒಣಗಿ, ಹಲಗೆಯಾಗಿತ್ತು.

ಅವಳು ಸೀಸೆ ಕೆಳಗಿಟ್ಟಳು. "ರೀ, ನನ್ನ ಮುಖ ನೋಡಿ ಹೇಳಿ. ಕಮ್ಮಿ ಆಗಿದೆಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹೋದ ಸಲ ಎಷ್ಟು ಹೊತ್ತಿಗೆ ಕಮ್ಮಿ ಆಯ್ತು?"

ಮೂರು ಬೆರಳು ತೋರಿಸಿದ.

"ಮೂರು ಗಂಟೆಯಾ?"

"ದಿನ. ವಾಂತಿನೂ ಆಗಿತ್ತು."

"ಅದರ ಹಿಂದಿನ ಸಲ?"

ಅವನು ಕಣ್ಣು ತಪ್ಪಿಸಿದ.

ಇಪ್ಪತ್ತೆರಡು ಸಾಲೂ ಒಂದೇ ಏಟಿಗೆ ಸುಳ್ಳಾದವು. ಅಳಲಿಕ್ಕೂ ಬೈಯಲಿಕ್ಕೂ ಹೊತ್ತಿರಲಿಲ್ಲ. ಕಚ್ಚಿದ ಮೇಲೆ ಉಸಿರು ಕಟ್ಟತೊಡಗಿದರೆ ಸೂಜಿಯೇ ಬೇಕು, ಅದೂ ನಿಮಿಷಗಳೊಳಗೆ. ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತ ಪಾಠ.

"ಟೈಲರಮ್ಮ, ಸ್ಕೂಟರ್ ತೆಗೀರಿ. ದೊಡ್ಡಾಸ್ಪತ್ರೆಗೆ."

"ಮತ್ತೆ ನಿಮ್ಮ ಗುಳಿಗೆ?"

"ಇದಕ್ಕೆ ನನ್ನ ಗುಳಿಗೆ ಆಗಲ್ಲ."

ಹೊರಗಿನ ಬೆಂಚಿನಲ್ಲಿದ್ದ ನಾಲ್ವರು ರೋಗಿಗಳಿಗೂ ಅದು ಕೇಳಿಸಿತು. ಪೇಂಟರ್ ಅವರತ್ತ ಕಣ್ಣಲ್ಲೇ ತೋರಿಸಿ, ಬೇಡವೆಂದು ಕೈಯಾಡಿಸಿದ.

"ನನ್ನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ. ಏಳ್ರೀ ಮೇಲೆ!"

ಮುಂದೆ ಟೈಲರಮ್ಮ, ಹಿಂದೆ ಡಾಕ್ಟರಮ್ಮ, ನಡುವೆ ಪೇಂಟರ್. ಟೈಲರಮ್ಮನಿಗೆ ಮೊಣಕೈ ನೋವಿನ ನೆನಪೇ ಇರಲಿಲ್ಲ. ಡಾಕ್ಟರಮ್ಮ ದಾರಿಯುದ್ದಕ್ಕೂ ಗಂಡನ ಪಕ್ಕೆಲುಬಿಗೆ ಅಂಗೈ ಒತ್ತಿ ಉಸಿರು ಎಣಿಸಿದಳು.

"ಏನಾದ್ರೂ ಕೊಟ್ಟಿದ್ದೀರಾ?" ಎಂದು ಆಸ್ಪತ್ರೆಯ ಎಳೇ ಡಾಕ್ಟರ್ ಕೇಳಿದ.

"ಸಕ್ಕರೆ ಗುಳಿಗೆ," ಎಂದಳು. ಬೇರೆ ಯಾರಾದರೂ ಹಾಗೆಂದಿದ್ದರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದವಳು.

ತೊಡೆಗೆ ಒಂದು ಸೂಜಿ ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಸಿಳ್ಳೆ ನಿಧಾನಕ್ಕೆ ನಿಂತಿತು. ಸಂಜೆವರೆಗೆ ಇಲ್ಲೇ ಇರಲಿ ಎಂದು ಹೇಳಿ ಡಾಕ್ಟರ್ ಮುಂದಿನ ಮಂಚಕ್ಕೆ ಹೋದ.

ಅವಳು ಸ್ಟೂಲ್ ಎಳೆದುಕೊಂಡು ಕೂತಳು. "ಯಾಕ್ರೀ ಸುಳ್ಳು ಹೇಳಿದ್ರಿ?"

"ನೀನು ಆ ಪುಸ್ತಕದಲ್ಲಿ ಬರೆಯೋವಾಗ ನಾಲಿಗೆ ತುದಿ ಹೊರಗೆ ಹಾಕ್ಕೊಂಡು ಬರೀತೀಯ, ಒಂದನೇ ಕ್ಲಾಸಿನ ಹುಡುಗಿ ಥರ," ಎಂದ. "ಅದನ್ನ ನೋಡೋಕೆ."

"ಅದಕ್ಕೆ ಸಾಯೋಕೆ ಹೊರಟ್ರಾ?"

"ಇಷ್ಟು ದೂರ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು ಕಣೇ?"

"ಆ ಪುಟ ತೋರಿಸಿ ಎಷ್ಟು ಜನಕ್ಕೆ ಧೈರ್ಯ ಹೇಳಿದೀನಿ ಗೊತ್ತಾ? ನಾಳೆಯಿಂದ ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ಬೇಕು, ಉಸಿರು ಸಿಕ್ಕಿಕೊಂಡ್ರೆ ನನ್ನ ಹತ್ರ ಬರಬೇಡಿ, ಇಲ್ಲಿಗೆ ಓಡಿ ಅಂತ."

"ನಾನೂ ಬರ್ತೀನಿ."

"ಬರ್ಬೇಕು. ಸುಳ್ಳು ನಿಮ್ಮದು." ಅವಳು ಮೂಗು ಒರೆಸಿಕೊಂಡಳು. "ಇನ್ನೇನು ಮುಚ್ಚಿಟ್ಟಿದ್ದೀರಿ? ಇವತ್ತೇ ಕಕ್ಕಿಬಿಡಿ."

ಅವನು ಛಾವಣಿ ನೋಡಿದ. "ಎಡಗಡೆ ದವಡೆ ಹಲ್ಲು, ನಾಲ್ಕು ತಿಂಗಳಿಂದ. ಏಣಿ ಇಳಿಯೋವಾಗ ಬಲ ಮೊಣಕಾಲು. ಆಮೇಲೆ ನೀನು ತಂದುಕೊಟ್ಟ ಚಪ್ಪಲಿ..."

"ಚಪ್ಪಲಿಗೇನಾಗಿದೆ?"

"ಒಂದು ಸೈಜು ಚಿಕ್ಕದು. ಎರಡು ವರ್ಷದಿಂದ."

ಅವಳು ಹೊದಿಕೆ ಸರಿಸಿ ಅವನ ಪಾದ ನೋಡಿದಳು. ಕಿರುಬೆರಳ ಮೇಲೆ ಗಟ್ಟಿಯಾದ ಆಣಿ, ಅದರ ಸುತ್ತ ಒಣಗಿದ ಹಳದಿ ಬಣ್ಣ. ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿದಳು.

"ಇಲ್ಲಿ ನೋವಾ?"

ಅವನು ಪಾದ ಎಳೆದುಕೊಳ್ಳಲು ಹೋಗಿ, ಅಲ್ಲೇ ಬಿಟ್ಟ.

"ಹೂಂ. ತುಂಬಾ."