ಆಗಸ್ಟ್ ಹದಿನಾಲ್ಕಕ್ಕೆ ಖಾಲಿ

ಜನವರಿಯ ಒಂದು ಮಧ್ಯಾಹ್ನ ಐದು ಜನ ಹುಡುಗಿಯರು ನಮ್ಮ ಮನೆಯ ಬಾಗಿಲು ತಟ್ಟಿ ಒಳಗೆ ಬಂದು, ಬೂಟಿನ ಹಿಮವನ್ನೂ ಕೊಡವದೆ ನನ್ನ ಅಡುಗೆಮನೆಯನ್ನು ಟೇಪು ಹಿಡಿದು ಅಳೆಯತೊಡಗಿದರು. ನಾನು ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದೆ. ತಮ್ಮ ಓರಿನ್ ಒಲೆಯ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದ.

"ಯಾರಮ್ಮಾ ನೀವು? ಯಾರು ಬೇಕಿತ್ತು?" ಎಂದೆ.

"ಕಂಪನಿಯವ್ರು ನಿಮಗೆ ಹೇಳಿಲ್ವಾ? ಅಳತೆ ತಗೊಳ್ಳೋಕೆ ಬಂದ್ವಿ. ಆಗಸ್ಟಿಂದ ನಾವು ಇಲ್ಲೇ ಇರೋದು" ಎಂದಳು ಟೇಪು ಹಿಡಿದವಳು.

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೇ. ಈ ಮನೇಲಿ."

ಓರಿನ್ ನಗತೊಡಗಿದ. "ವೆರ್ನಿ, ಬಾಡಿಗೆಗೆ ಹುಡುಗೀರನ್ನ ಯಾವಾಗ ಇಟ್ಕೊಂಡೆ ಕಣೇ? ನಂಗೊಂದು ಮಾತು ಹೇಳಬಾರದಾ? ತಲೆ ಬಾಚ್ಕೋತಿದ್ದೆ" ಎಂದ. ಹುಡುಗಿಯರು ಯಾರೂ ನಗಲಿಲ್ಲ. ಅವರಲ್ಲೊಬ್ಬಳ ಗುರುತು ನನಗಿತ್ತು. ನಾನು ಅಡುಗೆ ಮಾಡುವ ಯೂನಿವರ್ಸಿಟಿಯ ಊಟದ ಹಾಲ್‌ನಲ್ಲಿ ಬಾಗಿಲ ಬಳಿ ಕೂತು ವಿದ್ಯಾರ್ಥಿಗಳ ಊಟದ ಕಾರ್ಡನ್ನು ಯಂತ್ರಕ್ಕೆ ಉಜ್ಜುವ ಬ್ರಿನ್. ನನ್ನನ್ನು ನೋಡಿ ಅವಳ ಮುಖ ಕೆಂಪಾಯಿತು. "ಮಿಸ್ ವೆರ್ನಾ, ಇದು ನಿಮ್ಮನೆ ಅಂತ ನಂಗೊತ್ತಿರಲಿಲ್ಲ, ನಿಜವಾಗ್ಲೂ" ಎಂದಳು. ಇದು ತಮಾಷೆಯಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಈ ಊರಿನ ಶಾಪ ಇದು. ಬಾಡಿಗೆ ಮನೆಗಳೆಲ್ಲ ಒಂದೇ ದಿನ ಖಾಲಿಯಾಗಿ ಮರುದಿನ ತುಂಬುತ್ತವೆ. ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ಹನ್ನೆರಡಕ್ಕೆ ಹಳಬರು ಹೊರಗೆ, ಹದಿನೈದರ ಹನ್ನೆರಡಕ್ಕೆ ಹೊಸಬರು ಒಳಗೆ. ನಡುವಿನ ಒಂದು ದಿನ ಅರ್ಧ ಊರಿಗೆ ಸೂರಿಲ್ಲ. ಆದರೆ ಆ ಆಗಸ್ಟಿನ ಮನೆಗೆ ಹಿಂದಿನ ಅಕ್ಟೋಬರಿನಲ್ಲೇ ಸಹಿ ಆಗಿರಬೇಕು. ಹತ್ತು ತಿಂಗಳು ಮೊದಲು! ಹುಟ್ಟದ ಮಗುವಿಗೂ ಯಾರೂ ಅಷ್ಟು ಮೊದಲು ತೊಟ್ಟಿಲು ತರುವುದಿಲ್ಲ. ಇದೆಲ್ಲ ವಿದ್ಯಾರ್ಥಿಗಳ ಆಟ, ನಮಗೇನು ಸಂಬಂಧ ಎಂದುಕೊಂಡು ನಾವು ಊರಿನವರು ತಿರುಗಿಯೂ ನೋಡುತ್ತಿರಲಿಲ್ಲ.

ನಾನೂ ಓರಿನ್‌ನೂ ಈ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೆವು. ಮಾಲೀಕ ಮುದುಕ ಟಾಲೆಫ್ಸನ್ ಒಂದು ದಿನವೂ ಕಾಗದ ಕೇಳಿದವನಲ್ಲ. ಬೇಸಿಗೆಯಲ್ಲಿ ಬಂದು ಅಂಗಳದಲ್ಲಿ ನಿಂತು, "ಇರ್ತೀರ ತಾನೇ?" ಎನ್ನುತ್ತಿದ್ದ. "ಇರ್ತೀವಿ" ಎಂದರೆ ಮುಗಿಯಿತು, ಕೈ ಕುಲುಕಿ ಹೋಗುತ್ತಿದ್ದ. ಆ ಜನವರಿಯ ಹಿಂದಿನ ಜೂನ್‌ನಲ್ಲಿ ಅವನು ತೀರಿಕೊಂಡ. ಅವನ ಅಣ್ಣನ ಮಗ ಮನೆಯನ್ನು ಒಂದು ಬಾಡಿಗೆ ಕಂಪನಿಗೆ ಮಾರಿ ಕೈತೊಳೆದುಕೊಂಡ. ಅಕ್ಟೋಬರಿನಲ್ಲಿ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ಇತ್ತು. ಅದರ ಮೇಲೆ ಮೂವರು ಹುಡುಗಿಯರು ಕುಣಿಯುತ್ತಿರುವ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ನಿಮ್ಮ ಮುಂದಿನ ವರ್ಷ ಇಲ್ಲೇ ಶುರು!' ಎಂದು. ಶರತ್ಕಾಲ ಬಂತೆಂದರೆ ಇಂಥವು ದಿನಕ್ಕೆ ನಾಲ್ಕು ಬರುತ್ತವೆ, ನಾವು ಒಡೆಯದೆ ತೊಟ್ಟಿಗೆ ಎಸೆಯುತ್ತೇವೆ. ಈ ಬೀದಿಯ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

"ಏನದು ಬಂದಿದ್ದು?" ಎಂದು ಓರಿನ್ ಅವತ್ತು ಕೇಳಿದ್ದ.

"ಕಸ" ಎಂದಿದ್ದೆ ನಾನು.

ಈ ಬೀದಿಯವರು ಅಂದೆನಲ್ಲ, ಈಗ ಯಾರಿದ್ದಾರೆ ಇಲ್ಲಿ? ನಾವು ಬಂದಾಗ ಹದಿನಾಲ್ಕು ಸಂಸಾರಗಳಿದ್ದವು. ಒಂದೊಂದೇ ಮನೆ ವಿದ್ಯಾರ್ಥಿಗಳ ಬಾಡಿಗೆಗೆ ಹೋಯಿತು. ಮಕ್ಕಳಿಲ್ಲವೆಂದು ಮೂಲೆಯ ಶಾಲೆ ಮುಚ್ಚಿದರು. ಮೊಳೆ, ಸುತ್ತಿಗೆ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಬಣ್ಣಬಣ್ಣದ ಟೀ ಮಾರುತ್ತಾರೆ. ಫುಟ್‌ಬಾಲ್ ಇರುವ ಶನಿವಾರ ಹುಡುಗರು ಬೆಳಿಗ್ಗೆ ಎಂಟಕ್ಕೇ ಕುಡಿದು ನಿಂತಿರುತ್ತಾರೆ. ನನ್ನ ಗುಲಾಬಿ ಗಿಡಕ್ಕೆ ಉಚ್ಚೆ ಹೊಯ್ಯುವ ಹುಡುಗನಿಗೆ ಪೊರಕೆ ತೋರಿಸಿದರೆ, "ಲವ್ ಯೂ ಅಜ್ಜಿ!" ಎಂದು ಮುತ್ತು ಎಸೆಯುತ್ತಾನೆ. ಆಟದ ದಿನ ನೋಡಿಕೊಂಡೇ ನಾವು ಮದುವೆ ಇಟ್ಟುಕೊಳ್ಳಬೇಕು, ಹೆಣ ಎತ್ತಬೇಕು. ಅದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಬೇರೆ. ಅವರಿಗೆ ಪ್ರತಿ ವರ್ಷವೂ ಹತ್ತೊಂಬತ್ತೇ ವಯಸ್ಸು, ನಮಗೆ ಮಾತ್ರ ವಯಸ್ಸಾಗುತ್ತದೆ. ಯಾರನ್ನಾದರೂ ಹಚ್ಚಿಕೊಂಡರೆ ನಾಲ್ಕನೆಯ ವರ್ಷದ ಮೇ ತಿಂಗಳಿಗೆ ಓದು ಮುಗಿಸಿ ಹೊರಟು ಹೋಗುತ್ತಾರೆ. ಇದು ಅವರಿಗೆ ದಾರಿಯಲ್ಲಿ ಸಿಗುವ ಊರು, ನಮಗೆ ಇರುವುದೇ ಇದೊಂದು.

ಓರಿನ್ ಇಪ್ಪತ್ತೆರಡು ವರ್ಷ ಸ್ಟೇಡಿಯಮ್ಮಿನ ಹುಲ್ಲು ಕತ್ತರಿಸಿದವನು. ಎಂಟು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದಿತು. ಮೊದಲ ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ, ಅನ್ನ ನೀರು ಬಿಟ್ಟು ಸಾಯುತ್ತಾನೇನೋ ಎಂದು ನಾನು ಹೆದರಿದ್ದೆ. ಆಮೇಲೆ ಒಂದು ದಿನ ಗೋಡೆ ಹಿಡಿದು ಎದ್ದ. ಮನೆಯನ್ನು ಕಾಲಲ್ಲೇ ಕಲಿತ. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಬಾಗಿಲಿಂದ ಒಲೆಗೆ ಹನ್ನೊಂದು. ಕಾಫಿ ಮಾಡಿಕೊಳ್ಳುತ್ತಾನೆ, ಸೂಜಿಮದ್ದು ತಾನೇ ಚುಚ್ಚಿಕೊಳ್ಳುತ್ತಾನೆ, ಜಗಲಿಗೆ ಹೋಗಿ ಕೂರುತ್ತಾನೆ. ಹೊರಗಿನವರು ನೋಡಿದರೆ ಕುರುಡ ಎಂದು ಗೊತ್ತಾಗುವುದಿಲ್ಲ. ಆದರೆ ಈ ಮನೆಯ ಹೊಸ್ತಿಲು ದಾಟಿದರೆ ಮಗುವಿನ ಹಾಗೆ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಾನೆ. ಈ ಮನೆ ಹೋದರೆ ಅವನೂ ಹೋದ ಎಂದೇ ಲೆಕ್ಕ.

ಮರುದಿನವೇ ಕಂಪನಿಯ ಕಚೇರಿಗೆ ಓಡಿದೆ. ಗ್ರ್ಯಾಂಟ್ ಎಂಬ ನಗುಮೊಗದ ಹುಡುಗ ಕೂತಿದ್ದ.

"ಮೂರು ಪತ್ರ ಕಳಿಸಿದೀವಿ ಮೇಡಂ. ಎರಡು ವಾರದಲ್ಲಿ ಸಹಿ ಮಾಡದಿದ್ರೆ ಬೇರೆಯವ್ರಿಗೆ ಕೊಡ್ತೀವಿ ಅಂತ ಒಳಗೆ ಬರೆದಿತ್ತು."

"ಮೇಲೆ ಕುಣಿಯೋ ಹುಡುಗೀರ ಚಿತ್ರ ಹಾಕಿದ್ರೆ ಅರವತ್ತೊಂದು ವರ್ಷದ ಹೆಂಗಸು ಅದನ್ನ ಯಾಕಪ್ಪಾ ಒಡೀತಾಳೆ?"

"ಅರ್ಥ ಆಗುತ್ತೆ ಮೇಡಂ. ಬೇರೆ ಮನೆ ತೋರಿಸ್ತೀನಿ, ಬೇಜಾರ್ ಮಾಡ್ಕೋಬೇಡಿ."

ಎರಡು ಕೋಣೆಯ ಒಂದು ಮನೆ ಇತ್ತು. ಅರ್ಜಿ ತುಂಬಿದೆ. ಕೊನೆಯ ಹಾಳೆಯಲ್ಲಿ ತಂದೆ ಅಥವಾ ತಾಯಿಯ ಸಹಿ ಎಂದಿತ್ತು. ಇಲ್ಲಿ ಎಲ್ಲ ಮನೆಗೂ ಅದೇ ಕಟ್ಟಳೆ. ಹುಡುಗರು ಬಾಡಿಗೆ ಕೊಡದೆ ಓಡಿಹೋದರೆ ಅಪ್ಪ ಅಮ್ಮನ ಕುತ್ತಿಗೆ ಹಿಡಿಯಬೇಕಲ್ಲ!

"ನಮ್ಮಪ್ಪ ಅಮ್ಮ ಇಬ್ರೂ ಗುಡ್ಡದ ಸ್ಮಶಾನದಲ್ಲಿದಾರೆ. ಪೆನ್ನು ತಗೊಂಡು ಹೋಗ್ಲಾ?"

ಗ್ರ್ಯಾಂಟ್ ಕಂಪ್ಯೂಟರ್ ಕುಟ್ಟಿದ, ಮತ್ತೆ ಕುಟ್ಟಿದ. "ಅದು ತುಂಬದೆ ಮುಂದಕ್ಕೆ ಹೋಗ್ತಾನೇ ಇಲ್ಲ ಮೇಡಂ. ಬೇರೆ ಯಾರಾದ್ರೂ ಪೋಷಕರು ಇದಾರಾ ನಿಮಗೆ?"

ಪೋಷಕರು! ಅವರ ಮಕ್ಕಳಿಗೆ ಮೂವತ್ತು ವರ್ಷದಿಂದ ಗಂಜಿ ಬೇಯಿಸಿ ಹಾಕಿದ್ದು ನಾನು. ಅರ್ಜಿಯನ್ನು ಮಡಿಸಿ ಕೋಟಿನ ಜೇಬಿಗೆ ತುರುಕಿಕೊಂಡು ಬಂದೆ. ಮನೆಯಲ್ಲಿ ಓರಿನ್‌ಗೆ ಹೇಳಿದರೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಾನೇ ಅಪ್ಪನ ಸಹಿ ಹಾಕ್ತೀನಿ ಬಾ. ಅಪ್ಪಂದೂ ಹಂಗೇ ಸೊಟ್ಟಪಟ್ಟ ಇರ್ತಿತ್ತು" ಎಂದ. ನಗು ನಿಂತ ಮೇಲೆ ಬಹಳ ಹೊತ್ತು ಮೇಜಿನ ಅಂಚನ್ನು ಸವರುತ್ತ ಕೂತಿದ್ದ.

ಆರು ತಿಂಗಳು ಹುಡುಕಿದೆ. ಎಲ್ಲ ಕಡೆ ತಲೆಗೊಂದು ಕೋಣೆ, ಕೋಣೆಗೊಂದು ಬಾಡಿಗೆ, ಎಲ್ಲ ಅಕ್ಟೋಬರಿನಲ್ಲೇ ಮುಗಿದದ್ದು. ನಲವತ್ತು ಮೈಲಿ ದೂರದ ವೇಡ್ ಕ್ರೀಕ್‌ನಲ್ಲಿ ಒಂದು ಮನೆ ಸಿಕ್ಕಿತು. ಆದರೆ ಅಲ್ಲಿಂದ ಮುಂಜಾನೆ ಬಸ್ಸಿಲ್ಲ, ನನಗೆ ಕಾರಿಲ್ಲ, ಬೆಳಿಗ್ಗೆ ಐದಕ್ಕೆ ನಾನು ಅಡುಗೆಮನೆಯಲ್ಲಿ ಇರಬೇಕು. ಇನ್ನೊಂದು ವರ್ಷ ದುಡಿದರೆ ನನಗೆ ಪೂರ್ತಿ ಪಿಂಚಣಿ, ಈಗ ಬಿಟ್ಟರೆ ಮುಂದೆ ಇಬ್ಬರ ಹೊಟ್ಟೆಗೂ ತತ್ವಾರ. ಅದೇ ವೇಡ್ ಕ್ರೀಕ್‌ನಲ್ಲಿ ಕೌಂಟಿ ಸರ್ಕಾರದ ಆರೈಕೆ ಮನೆಯೊಂದಿದೆ. ಅಲ್ಲಿ ಓರಿನ್‌ಗೆ ಒಂದು ಹಾಸಿಗೆ ಸಿಗುತ್ತದೆ ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಜುಲೈನಲ್ಲಿ ಒಂದು ದಿನ ಬ್ರಿನ್ ತಟ್ಟೆ ತೊಳೆಯುವ ಕಡೆ ನನ್ನನ್ನು ಹುಡುಕಿಕೊಂಡು ಬಂದಳು.

"ಮಿಸ್ ವೆರ್ನಾ, ಒಂದು ಮಾತು. ನಮ್ಮಲ್ಲಿ ಒಬ್ಳು ವರ್ಷಕ್ಕೆ ಸ್ಪೇನ್‌ಗೆ ಓದೋಕೆ ಹೋಗ್ತಿದಾಳೆ. ಅವಳ ಕೋಣೆ ಖಾಲಿ. ಅವಳ ಅಪ್ಪನ ಸಹಿ ಆಗಲೇ ಇದೆ, ಅವಳ ಜಾಗಕ್ಕೆ ಯಾರು ಬಂದ್ರೂ ಮತ್ತೆ ಕಾಗದ ಕೇಳಲ್ಲ. ನೀವು ಬರ್ತೀರಾ?"

"ಓರಿನ್?"

ಅವಳು ತಲೆ ತಗ್ಗಿಸಿದಳು. "ಕೋಣೆಗೆ ಒಬ್ರೇ ಅಂತ ಕಟ್ಟುನಿಟ್ಟು. ಹೆಚ್ಚಿಗೆ ಒಬ್ರು ಇದ್ರೆ ಐದೂ ಜನರನ್ನ ಹೊರಗೆ ಹಾಕ್ತಾರಂತೆ. ನಾನು ಕೇಳ್ದೆ ಮಿಸ್ ವೆರ್ನಾ, ಎರಡು ಸಲ ಕೇಳ್ದೆ."

ಆ ಹುಡುಗಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಎರಡು ಬೈದು ಹಗುರಾಗುತ್ತಿದ್ದೆ. ಮೂರು ದಿನ ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ಒಪ್ಪಿಕೊಂಡೆ. ಓರಿನ್‌ಗೆ ಅರ್ಧ ಮಾತ್ರ ಹೇಳಿದೆ.

"ಒಂದೆರಡು ತಿಂಗಳು ವೇಡ್ ಕ್ರೀಕ್ ಆರೈಕೆ ಮನೇಲಿ ಇರು ಓರಿನ್. ಅಷ್ಟರಲ್ಲಿ ಏನಾದ್ರೂ ಮಾಡ್ತೀನಿ."

"ನೀನೆಲ್ಲಿರ್ತೀಯ?"

"ಡೊಲೊರೆಸ್ ಮನೇಲಿ. ನನ್ ಜೊತೆ ಕೆಲಸ ಮಾಡ್ತಾಳಲ್ಲ, ಅವಳ ಸೋಫಾ ಮೇಲೆ."

"ಅಯ್ಯೋ ಪಾಪ, ನಿನ್ನ ಸೊಂಟಕ್ಕೆ ಸೋಫಾ ಆಗುತ್ತೇನೇ? ನಂಗಾದ್ರೆ ಅಲ್ಲಿ ಮಂಚ ಕೊಡ್ತಾರೆ" ಎಂದ. ನನಗಾಗಿ ಮರುಗಿದ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗಸ್ಟ್ ಹದಿನಾಲ್ಕರಂದು ಊರೆಲ್ಲ ಬೀದಿಗೆ ಬಿದ್ದಿತ್ತು. ಸೋಫಾ, ಹಾಸಿಗೆ, ದೀಪ ಎಲ್ಲ ರಸ್ತೆಯ ಬದಿಯ ಹುಲ್ಲಿನ ಮೇಲೆ. ನಮ್ಮ ಸಾಮಾನೂ ಹೊರಗಿಟ್ಟೆವು. ಅದರಲ್ಲಿ ಅಮ್ಮನ ಮೇಜನ್ನು ಇಬ್ಬರು ಹುಡುಗರು ಬಿಟ್ಟಿ ಎಂದುಕೊಂಡು ಹೊತ್ತುಕೊಂಡು ಹೋದರು. ನಾನು ಕೂಗಲೂ ಇಲ್ಲ. ಆರೈಕೆ ಮನೆಯ ವ್ಯಾನು ಬಂದಾಗ ಓರಿನ್ ಒಳಗೆ ಹೋಗಿ ಒಂದು ಸುತ್ತು ನಡೆದ. ಖಾಲಿ ಮನೆಯಲ್ಲಿ ಅವನ ಹೆಜ್ಜೆ ಜೋರಾಗಿ ಕೇಳುತ್ತಿತ್ತು. ಹೊರಗೆ ಬಂದು, "ಆಯ್ತು, ನಡಿ" ಎಂದ. ವ್ಯಾನಿನಲ್ಲಿ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಅಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎದ್ದರೆ ಗಂಟೆ ಹೊಡೆಯುವ ಒಂದು ಪಟ್ಟಿ ಕಟ್ಟಿದರು. ಬಿದ್ದುಗಿದ್ದಾನು ಎಂಬ ಹೆದರಿಕೆ ಅವರಿಗೆ. ಒಬ್ಬನೇ ಏಳುವ ಹಾಗಿಲ್ಲ.

ಹದಿನೈದರ ಮಧ್ಯಾಹ್ನ ಹನ್ನೆರಡಕ್ಕೆ ನಾನು ಒಂದು ಪೆಟ್ಟಿಗೆ ಹಿಡಿದು ಅದೇ ಮನೆಗೆ ವಾಪಸು ಬಂದೆ. ಬಾಗಿಲಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಹಾಲ್ ಒಂದು ಮಲಗುವ ಕೋಣೆಯಾಗಿತ್ತು, ಊಟದ ಕೋಣೆ ಇನ್ನೊಂದು. ನನ್ನ ಪಾಲಿಗೆ ಬಂದದ್ದು ಓರಿನ್‌ನ ಕೋಣೆ. ಹುಡುಗಿಯರು ಬಾಗಿಲ ಮೇಲೆ ಬಣ್ಣದ ಕಾಗದದಲ್ಲಿ ನನ್ನ ಹೆಸರು ಅಂಟಿಸಿದ್ದರು, ಪಕ್ಕದಲ್ಲೊಂದು ಹೂವಿನ ಚಿತ್ರ. ಪಾತ್ರೆ ತೊಳೆಯುವ ಸರದಿಯ ಪಟ್ಟಿಯಲ್ಲಿ ನನಗೆ ಗುರುವಾರ.

ನನಗೆ ರಜೆ ಭಾನುವಾರ ಮಾತ್ರ, ಅವತ್ತು ವೇಡ್ ಕ್ರೀಕ್‌ಗೆ ಬಸ್ಸಿಲ್ಲ, ಓರಿನ್‌ಗೆ ಫೋನ್ ಮಾಡುತ್ತಿದ್ದೆ. ಊಟ ಸಪ್ಪೆ, ಪಕ್ಕದ ಮಂಚದವನು ಗೊರಕೆ, ಇಷ್ಟೇ ಮಾತು. ಮೂರನೆಯ ಭಾನುವಾರ ಮಾತಾಡುತ್ತಿದ್ದಾಗ ಒಬ್ಬಳು ಹುಡುಗಿ ಅಡುಗೆಮನೆಯ ಗೂಡಿನ ಕೆಳಗಿನ ಸೆಳೆಖಾನೆ ಎಳೆದಳು. ಅದು ಸಲೀಸಾಗಿ ಬರುವುದಿಲ್ಲ, ಕಿರ್ರೆಂದು ಬಂದು ಧಡ್ಡನೆ ಬಡಿಯುತ್ತದೆ.

ಓರಿನ್ ಮಾತು ನಿಲ್ಲಿಸಿದ.

"ವೆರ್ನಿ. ಅದು ನಮ್ಮನೆ ಸೆಳೆಖಾನೆ."

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಸ್ಪೇನಿಗೆ ಹೋದವಳು, ಅವಳ ಅಪ್ಪನ ಸಹಿ, ಕೋಣೆಗೆ ಒಬ್ಬರೇ ಎನ್ನುವ ಕಟ್ಟಳೆ. ಅವನು ತಡೆಯದೆ ಕೇಳಿಸಿಕೊಂಡ.

"ಯಾವ ಕೋಣೆ?"

"ನಿಂದು."



"ನಿನ್ನ ಮೇಲೆ ಸಿಟ್ಟಿಲ್ಲ ಕಣೇ" ಎಂದ. "ಒಂದ್ ವಿಷ್ಯ ಹೇಳ್ತೀನಿ, ಅಳಬೇಡ. ಇಲ್ಲಿ ನನ್ನ ಏಳೋಕೆ ಬಿಡಲ್ಲ. ಅದಕ್ಕೆ ಮಧ್ಯಾಹ್ನ ಎಲ್ಲ ಮಲಗಿದಾಗ ನಾನು ಕೂತಲ್ಲೇ ನಮ್ಮನೇಲಿ ನಡೀತೀನಿ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಕಾಫಿ ಇಡ್ತೀನಿ. ಜಗಲಿಗೆ ಹೋಗಿ ಕೂರ್ತೀನಿ. ಮನೆ ಖಾಲಿ ಇದೆ, ಯಾರೂ ಇಲ್ಲ ಅಂದ್ಕೊಂಡು ನಡೀತಿದ್ದೆ. ಈಗ ನನ್ನ ಮಂಚದಲ್ಲಿ ನೀನಿದೀಯ. ಒಲೆ ಹತ್ರ ಯಾವಳೋ ನಿಂತಿದಾಳೆ. ನಾನು ಇನ್ನೆಲ್ಲಿ ನಡೀಲಿ ವೆರ್ನಿ?"

ಫೋನನ್ನು ಅವನು ಯಾರಿಗೋ ಕೊಟ್ಟ. ಅವರು, "ಅವ್ರಿಗೆ ಸುಸ್ತಾಗಿದೆಯಂತೆ, ಇನ್ನೊಂದ್ ದಿನ ಮಾತಾಡ್ತಾರಂತೆ" ಎಂದರು.

ಮುಂದಿನ ಶನಿವಾರ ಕೆಲಸಕ್ಕೆ ರಜೆ ಹಾಕಿ ಬಸ್ಸು ಹಿಡಿದು ಹೋದೆ. ಓರಿನ್ ಕಿಟಕಿಯ ಕಡೆ ತಿರುಗಿ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ್ದರು. "ಈಗ ತುಂಬಾ ಒಳ್ಳೆಯವ್ರಾಗಿದಾರೆ. ಮೊದಲು ದಿನಾ ಮಧ್ಯಾಹ್ನ ಕೂತಲ್ಲೇ ಕಾಲು ಅಲ್ಲಾಡಿಸ್ತಾನೇ ಇರ್ತಿದ್ರು. ಈ ವಾರದಿಂದ ಸುಮ್ಮನೆ ಕೂತಿರ್ತಾರೆ, ಪಟ್ಟಿನೇ ಬೇಕಾಗಿಲ್ಲ" ಎಂದಳು ನರ್ಸು.