ಒಂದು ವಾಕ್ಯದ ಉದ್ದ

ನನ್ನ ಅಣ್ಣ ಯಾಕೀಮನಿಗೂ ನಮ್ಮ ಯಜಮಾನರು ತನ್ಹೂಮರಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಸರೋವರದ ದಡದಲ್ಲಿ ದೋಣಿ ಕಟ್ಟುವ ಜಾಗಕ್ಕಾಗಿ ಜಗಳವಾಡಿದ್ದರು. ಆದರೂ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು, ಪ್ರತಿ ವಾರವೂ, ಸಭಾಮಂದಿರದಲ್ಲಿ ಅಕ್ಕಪಕ್ಕ ನಿಲ್ಲಲೇಬೇಕಿತ್ತು. ಅಣ್ಣ ಶಾಸ್ತ್ರದ ಸುರುಳಿ ನೋಡಿ ಹೀಬ್ರೂವಿನಲ್ಲಿ ಓದುವವನು. ಇವರು ಸುರುಳಿಯತ್ತ ಕಣ್ಣು ಹಾಯಿಸದೆ ಅದನ್ನೇ ನಮ್ಮ ಮನೆಮಾತಿನಲ್ಲಿ ಹೇಳುವವರು.

ಆ ಸಬ್ಬತ್ತಿನಂದು ತಿಬೇರಿಯದಿಂದ ಬೋಧಕರೊಬ್ಬರು ಬಂದಿದ್ದರು. ಮೋಶೆಯ ಸುರುಳಿಯ ಓದು ಸಾಂಗವಾಗಿ ಮುಗಿಯಿತು. ಪ್ರವಾದಿಯ ಸುರುಳಿಯಲ್ಲಿ ಅಣ್ಣ ಒಂದು ಭಾಗ ಓದಿ, ನಡುವಿನದನ್ನು ಬಿಟ್ಟು ಮುಂದಕ್ಕೆ ಹೋಗಬೇಕಿತ್ತು. ಹಾಗೆ ಹೋಗಲು ಅಡ್ಡಿಯಿಲ್ಲ. ಆದರೆ ಓದಿದ್ದಕ್ಕೆ ಇವರ ಅನುವಾದ ಮುಗಿಯುವಷ್ಟರಲ್ಲಿ ಹೊಸ ಜಾಗ ಸಿಕ್ಕಿರಬೇಕು. ಜನರನ್ನು ಸುಮ್ಮನೆ ಕಾಯಿಸಬಾರದು.

ಯೆರೂಸಲೇಮಿಗೆ ಸಾಂತ್ವನ ಹೇಳುವ ವಾಕ್ಯ ಓದಿ ಅಣ್ಣ ಸುರುಳಿ ಹೊರಳಿಸಿದ. ಸಿಗಲಿಲ್ಲ. ಹಿಂದಕ್ಕೆ ಹೊರಳಿಸಿದ. ಅವನ ಕಿವಿ ಕೆಂಪಾಯಿತು. ಇವರು ಒಂದೇ ಉಸಿರಿಗೆ ಮುಗಿಸಿಬಿಟ್ಟಿದ್ದರೆ ಇಡೀ ಊರೆದುರು ಅಣ್ಣನ ಮಾನ ಹೋಗುತ್ತಿತ್ತು.

ಇವರು ಓರೆಗಣ್ಣಿನಿಂದ ಅವನ ಕೈ ನೋಡಿದರು. ಆಮೇಲೆ ಶುರು ಮಾಡಿದರು ನೋಡಿ! ಯೆರೂಸಲೇಮನ್ನು ತಾಯಿ ಎಂದರು, ತಲೆ ಬಾಚಿಕೊಳ್ಳದೆ ಕಾದು ಕುಳಿತ ತಾಯಿ ಎಂದರು. ಅವಳ ಬಾವಿಗಳು, ರೊಟ್ಟಿ ಸುಡುವವರ ಬೀದಿ, ಅಲ್ಲಿಗೆ ಮರಳುವ ಒಬ್ಬೊಬ್ಬ ಮಗನ ಹೆಜ್ಜೆ, ಒಂದನ್ನೂ ಬಿಡಲಿಲ್ಲ. ನನ್ನ ಪಕ್ಕದ ಮುದುಕಿ ಮುಸುಕಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಕೊನೆಗೆ ಅಣ್ಣ ಕೆಮ್ಮಿದ. ಇವರು ಥಟ್ಟನೆ ನಿಲ್ಲಿಸಿದರು. ಓದು ಮುಂದುವರಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಉಪದೇಶಕ್ಕೆ ಕುಳಿತ ಬೋಧಕರು ನಕ್ಕುಬಿಟ್ಟರು. “ನಾನು ಹೇಳ್ಬೇಕಾದ್ದರಲ್ಲಿ ಅರ್ಧ ಇವರೇ ಹೇಳ್ಬಿಟ್ರಲ್ಲಪ್ಪ! ಇವತ್ತು ನಿಮಗೆಲ್ಲ ಊಟ ಬೇಗ.”

ಮಂದಿರಕ್ಕೆ ಮಂದಿರವೇ ನಕ್ಕಿತು.

ಹೊರಗೆ ಅಂಗಳದಲ್ಲಿ ಅಣ್ಣ ಬಂದು ಇವರೆದುರು ನಿಂತ. “ಏನಯ್ಯಾ ತನ್ಹೂಮ, ಅಷ್ಟೆಲ್ಲ ಆ ವಾಕ್ಯದಲ್ಲಿ ಎಲ್ಲಿತ್ತು?”

“ಇರ್ಲಿಲ್ಲ ಭಾವ. ನೀವು ಬೇಗ ಹುಡುಕಿದ್ರೆ ನಾನ್ಯಾಕೆ ಜನರನ್ನ ಬೀದಿ ಬೀದಿ ಸುತ್ತಿಸ್ತಿದ್ದೆ?”

“ಕಣ್ಣು ಮಂಜಾಗಿತ್ತು ಕಣೋ. ಅಕ್ಷರ ಎಲ್ಲಾ ಇರುವೆ ಸಾಲಿನ ಥರ ಹರಿದಾಡ್ತಿತ್ತು.” ಅಣ್ಣ ದನಿ ತಗ್ಗಿಸಿದ. “ಅಲ್ಲೇ ನಿಲ್ಲಿಸ್ಬಿಡೋಣ ಅನ್ನಿಸ್ಲಿಲ್ವಾ ನಿಂಗೆ?”

“ಅನ್ನಿಸ್ತು. ಒಂದು ಗಳಿಗೆ ಅನ್ನಿಸ್ತು.”

“ಮತ್ತೆ?”

“ನಿಮ್ಮ ಕೈ ನಡುಗ್ತಿತ್ತು ಭಾವ.”

ಇನ್ನು ಬಿಟ್ಟರೆ ಇಬ್ಬರೂ ಅಳುತ್ತಾರೆಂದು ನಾನೇ ನಡುವೆ ಬಾಯಿ ಹಾಕಿದೆ. “ಒಲೆ ಬೂದೀಲಿ ಬೇಳೆ ಇನ್ನೂ ಬಿಸಿಯಾಗಿದೆ, ಉಪ್ಪು ಮೀನಿದೆ. ಇಲ್ಲೇ ನಿಂತ್ರೆ ಹೊಟ್ಟೆ ತುಂಬುತ್ತಾ? ಬಾ ಅಣ್ಣ.”

ಬಂದ. ಎರಡು ಸಲ ಹಾಕಿಸಿಕೊಂಡು ಉಂಡ.